ಬೈಪ್ಯಾಪ್‌ಗೆ ಆಮ್ಲಜನಕ: ಮನೆಯವರಿಗೆ ಕಲಿಸಿ ಕಳುಹಿಸಿ

ಮಾನ್ಯ ಸಂಪಾದಕರೇ,

ದಶಕಗಳ ಕಾಲ ಸೌದೆ ಒಲೆಯ ಹೊಗೆಯಲ್ಲಿ ಬೆಂದ ನನ್ನ ತಾಯಿ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಿಂದಾಗಿ ಈಗ ರಾತ್ರಿ, ಒತ್ತಡದಿಂದ ಗಾಳಿ ಊದಿ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರದ ಮಾಸ್ಕ್ ಹಾಕಿಕೊಂಡೇ ಮಲಗುತ್ತಾರೆ. ಆ ಯಂತ್ರದ ಗಾಳಿಗೆ, ಕೋಣೆಯ ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್‌ನಿಂದ ಆಮ್ಲಜನಕವನ್ನೂ ಸೇರಿಸಬೇಕು. ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಚೀಟಿಯಲ್ಲಿ ‘ಆಕ್ಸಿಜನ್ 2 ಲೀಟರ್’ ಎಂದಷ್ಟೇ ಬರೆದಿತ್ತು.

ಅಂದರೆ ನಿಮಿಷಕ್ಕೆ 2 ಲೀಟರ್. ಆದರೆ ಮೂಗಿನ ನಳಿಕೆಯಲ್ಲಿ ಕೊಡುವ 2 ಲೀಟರ್ ಬೇರೆ, ಬೈಪ್ಯಾಪ್ ಜೊತೆಗೆ ಕೊಡುವ 2 ಲೀಟರ್ ಬೇರೆ ಎಂಬುದು ನಮಗೆ ತಿಳಿದದ್ದು ತಡವಾಗಿ. ಬಿಟ್ಟ ಉಸಿರು ಹೊರಹೋಗಲೆಂದು ಮಾಸ್ಕ್‌ನಲ್ಲೋ ಕೊಳವೆಯಲ್ಲೋ ಇಟ್ಟಿರುವ ರಂಧ್ರದಿಂದ ಗಾಳಿ ಸದಾ ಸೋರುತ್ತಿರುತ್ತದೆ. ಒತ್ತಡ ಹೆಚ್ಚಿಸಿದಷ್ಟೂ ಆ ಸೋರಿಕೆ ಹೆಚ್ಚಿ, ಸೇರಿಸಿದ ಆಮ್ಲಜನಕ ತೆಳುವಾಗುತ್ತದೆ. ಆಮ್ಲಜನಕದ ಪೈಪನ್ನು ಎಲ್ಲಿ ಜೋಡಿಸಿದ್ದೇವೆ ಎಂಬುದರಿಂದಲೂ ರೋಗಿಗೆ ಸಿಗುವ ಪ್ರಮಾಣ ಬದಲಾಗುತ್ತದೆ.

ಒಂದು ರಾತ್ರಿ ತಾಯಿಯ ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಶೇಕಡಾ ಮಟ್ಟ) 84ಕ್ಕೆ ಇಳಿದಾಗ ಗಾಬರಿಯಿಂದ ನಾನೇ 4 ಲೀಟರ್‌ಗೆ ಏರಿಸಿದೆ. ಬೆರಳಿನ ಯಂತ್ರ 97 ತೋರಿಸಿದ್ದನ್ನು ಕಂಡು ನೆಮ್ಮದಿಯಾಯಿತು. ಬೆಳಗಾಗುವಷ್ಟರಲ್ಲಿ ಅವರಿಗೆ ತೀವ್ರ ತಲೆನೋವು, ಕರೆದರೂ ಕಣ್ಣು ತೆರೆಯಲಾರದಂಥ ಮಂಪರು. ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಏರಿತ್ತು. ಇಂಥ ರೋಗಿಗಳಲ್ಲಿ ಸ್ಯಾಚುರೇಶನ್ 88ರಿಂದ 92ರ ನಡುವೆ ಇದ್ದರೆ ಸಾಕು, ಅತಿಯಾದ ಆಮ್ಲಜನಕವೇ ಅಪಾಯ ಎಂದು ವೈದ್ಯರು ಆಗ ಹೇಳಿದರು. ನಿಜವಾದ ದೋಷ ಇದ್ದದ್ದು ಗಲ್ಲದ ಬಳಿ ಸಡಿಲವಾಗಿದ್ದ ಮಾಸ್ಕ್ ಪಟ್ಟಿಯಲ್ಲಿ. ಅದನ್ನು ಬಿಗಿಗೊಳಿಸಿದ್ದರೆ ಆ ರಾತ್ರಿ ಲೀಟರ್ ಏರಿಸಬೇಕಾಗಿರಲಿಲ್ಲ.

ಮೊದಲು ಬೈಪ್ಯಾಪ್ ಚಾಲೂ ಮಾಡಿ ಆಮೇಲೆ ಆಮ್ಲಜನಕ ಬಿಡಬೇಕು, ನಿಲ್ಲಿಸುವಾಗ ಮೊದಲು ಆಮ್ಲಜನಕವನ್ನೇ ನಿಲ್ಲಿಸಬೇಕು. ಇಲ್ಲದಿದ್ದರೆ ಯಂತ್ರದೊಳಗೆ ಆಮ್ಲಜನಕ ತುಂಬಿ ಬೆಂಕಿಯ ಅಪಾಯವಿದೆ. ಇದನ್ನೂ ನಮಗೆ ಯಾರೂ ಹೇಳಿರಲಿಲ್ಲ. ದೇವರ ದೀಪ ಹಚ್ಚಿಟ್ಟ ಕೋಣೆಯಲ್ಲೇ ಅವರನ್ನು ಮಲಗಿಸುತ್ತಿದ್ದೆವು.

ಬೇಸಿಗೆಯ ರಾತ್ರಿ ಕರೆಂಟು ಹೋದರೆ ಕಾನ್ಸಂಟ್ರೇಟರ್ ನಿಲ್ಲುತ್ತದೆ. ಸುಮಾರು 1,500 ಲೀಟರ್ ಹಿಡಿಯುವ ಬಿ ಟೈಪ್ ಸಿಲಿಂಡರ್ 2 ಲೀಟರ್ ಲೆಕ್ಕದಲ್ಲಿ ಹನ್ನೆರಡು ತಾಸು ಬರುತ್ತದೆಯಾದರೂ, ಬೈಪ್ಯಾಪ್‌ಗೇ ಇನ್ವರ್ಟರ್ ಇಲ್ಲದ ಮನೆಗೆ ಅದೊಂದರಿಂದ ಏನಾದೀತು?

ಮನೆಯಲ್ಲೇ ನಡೆಯುವ ಈ ಚಿಕಿತ್ಸೆ ಉಪಯುಕ್ತವೇ. ತೀವ್ರ ಉಲ್ಬಣದ ನಂತರವೂ ಇಂಗಾಲದ ಡೈಆಕ್ಸೈಡ್ ಇಳಿಯದ ರೋಗಿಗಳಿಗೆ ಆಮ್ಲಜನಕದ ಜೊತೆ ಇಂಥ ಯಂತ್ರವನ್ನೂ ಕೊಟ್ಟಾಗ, ಅವರು ಮತ್ತೆ ಆಸ್ಪತ್ರೆ ಸೇರುವ ಅಥವಾ ಸಾಯುವ ಹೊತ್ತು ಗಣನೀಯವಾಗಿ ಮುಂದಕ್ಕೆ ಹೋಯಿತೆಂದು 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿದೆ. ಆದ್ದರಿಂದ ರಾಯಚೂರು ಜಿಲ್ಲೆಯ ಆಸ್ಪತ್ರೆಗಳು ರೋಗಿಯನ್ನು ಕಳುಹಿಸುವ ಮುನ್ನ ಒಂದು ರಾತ್ರಿಯಾದರೂ ಅದೇ ಮಾಸ್ಕ್, ಅದೇ ಒತ್ತಡದಲ್ಲಿ ಆಮ್ಲಜನಕದ ಪ್ರಮಾಣವನ್ನು ಪರೀಕ್ಷಿಸಿ, ಪೈಪ್ ಜೋಡಿಸುವ ಜಾಗ, ಸ್ಯಾಚುರೇಶನ್‌ನ ಮಿತಿ, ಚಾಲೂ ಮಾಡುವ ಕ್ರಮ ಇವನ್ನೆಲ್ಲ ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಲಿ. ಮನೆಯವರ ಕೈಯಿಂದಲೇ ಒಮ್ಮೆ ಮಾಡಿಸಿ ನೋಡಲಿ. ರಾತ್ರಿ ವೇಳೆ ಕರೆ ಮಾಡಲು ಒಂದು ದೂರವಾಣಿ ಸಂಖ್ಯೆಯನ್ನೂ ಕೊಡಲಿ ಎಂದು ಆರೋಗ್ಯ ಇಲಾಖೆಯನ್ನು ಕೋರುತ್ತೇನೆ.

ಇತಿ,
ಓದುಗರೊಬ್ಬರು, ಮಾನ್ವಿ, ರಾಯಚೂರು ಜಿಲ್ಲೆ