ಹಾಸ್ಯ ಕಾದಂಬರಿಯನ್ನು ಕಿರುತೆರೆಗೆ ತರುವಾಗ

ಮಾನ್ಯ ಸಂಪಾದಕರೇ,

ಇಂಗ್ಲಿಷಿನ ಹಳೆಯ ಹಾಸ್ಯ ಕಾದಂಬರಿಗಳನ್ನು ಕಿರುತೆರೆಗೆ ತಂದರೆ ಅವುಗಳ ಸೊಗಸು ಕೆಡುತ್ತದೆ ಎಂಬ ಅಭಿಪ್ರಾಯವನ್ನು ತಮ್ಮ ಪುರವಣಿಯಲ್ಲಿ ಓದಿದೆ. ಅದನ್ನು ಪೂರ್ತಿಯಾಗಿ ಒಪ್ಪಲಾರೆ. ಕಥೆ ಹೇಳುವವನ ದನಿಯನ್ನು ಕಳಚಿ, ಬರಿಯ ಘಟನೆಗಳನ್ನು ತೋರಿಸಿದಾಗ ಸೊಗಸು ಕೆಡುತ್ತದೆ ಎಂದಿದ್ದರೆ ಒಪ್ಪುತ್ತಿದ್ದೆ.

ಜೆರೋಮ್ ಕೆ. ಜೆರೋಮ್ ಅವರ ‘ಥ್ರೀ ಮೆನ್ ಇನ್ ಎ ಬೋಟ್’ ಪ್ರಕಟವಾದುದು 1889ರಲ್ಲಿ. ನಾಟಕಕಾರ ಟಾಮ್ ಸ್ಟಾಪರ್ಡ್ ಬರೆದ ಚಿತ್ರಕಥೆ, ಸ್ಟೀಫನ್ ಫ್ರಿಯರ್ಸ್ ನಿರ್ದೇಶನದೊಂದಿಗೆ ಬಿಬಿಸಿ 1975ರಲ್ಲಿ ಅದನ್ನು ಕಿರುತೆರೆಗೆ ತಂದಿತು. ಮೂವರು ಗೆಳೆಯರು ಒಂದು ನಾಯಿಯೊಂದಿಗೆ ಥೇಮ್ಸ್ ನದಿಯಲ್ಲಿ ದೋಣಿ ಹತ್ತಿ ಹೊರಡುತ್ತಾರೆ ಎಂಬುದನ್ನು ಬಿಟ್ಟರೆ ಈ ಕೃತಿಯಲ್ಲಿ ಹೇಳಿಕೊಳ್ಳುವಂಥ ಕಥೆಯೇ ಇಲ್ಲ. ಗೋಡೆಗೆ ಒಂದು ಚಿತ್ರಪಟ ತೂಗುಹಾಕಲು ಮನೆಮಂದಿಯನ್ನೆಲ್ಲ ಓಡಾಡಿಸುವ ಪಾಡ್ಜರ್ ಮಾವನಿಗೂ ಆ ನದಿಗೂ ಏನೂ ಸಂಬಂಧವಿಲ್ಲ. ಆದರೂ ಅವನನ್ನು ಕೈಬಿಟ್ಟರೆ ಪುಸ್ತಕವೇ ಬಡವಾಗುತ್ತದೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳುತ್ತಿದ್ದ ಕಾಲದಲ್ಲಿ ಅನಾನಸಿನ ಡಬ್ಬಿಯ ಪ್ರಸಂಗವನ್ನು ನಾನು ತರಗತಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೆ. ಡಬ್ಬಿ ತೆರೆಯುವ ಸಾಧನವನ್ನು ಮನೆಯಲ್ಲೇ ಮರೆತು ಬಂದ ಮೂವರು ಚೂರಿ, ಕತ್ತರಿ, ಕೊಕ್ಕೆಗೋಲು, ಕೊನೆಗೆ ದೋಣಿಯ ಕೂವೆಮರದಿಂದಲೂ ಅದನ್ನು ಜಜ್ಜುತ್ತಾರೆ. ಇಷ್ಟನ್ನು ಯಾವ ಕ್ಯಾಮೆರಾವಾದರೂ ತೋರಿಸೀತು. ಆದರೆ ಅಂದು ಆ ಮೂವರಲ್ಲೊಬ್ಬನಾದ ಜಾರ್ಜ್‌ನ ಪ್ರಾಣ ಉಳಿಸಿದ ಹುಲ್ಲಿನ ಟೋಪಿಯನ್ನು ಅವನು ಈಗಲೂ ಇಟ್ಟುಕೊಂಡಿದ್ದಾನೆ, ಚಳಿಗಾಲದ ಸಂಜೆ ಗೆಳೆಯರು ಸೇರಿದಾಗ ಅದನ್ನು ತಂದು ತೋರಿಸಿ ಪ್ರತಿ ಸಲವೂ ಕಥೆಯನ್ನು ಇನ್ನಷ್ಟು ಹಿಗ್ಗಿಸುತ್ತಾನೆ ಎಂದು ನಿರೂಪಕ ಹೇಳುವಲ್ಲಿಯೇ ನನ್ನ ಮಕ್ಕಳು ಬೆಂಚು ಬಡಿದು ನಗುತ್ತಿದ್ದರು. ಆ ನಗು ಹುಟ್ಟಿದ್ದು ಹೇಳುವ ಮಾತಿನಿಂದ.

ಕಾಸರಗೋಡಿನವರಾದ ನಮಗೆ ಇದು ಹೊಸ ಸಂಗತಿಯಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ಕುಂಬಳೆ ಸೀಮೆಯಲ್ಲಿ ಯಕ್ಷಗಾನದ ಆಟದಷ್ಟೇ ತಾಳಮದ್ದಳೆಯ ಕೂಟಕ್ಕೂ ಜನ ಸೇರುತ್ತಾರೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಾಲು ಹೊದ್ದು ಕುಳಿತ ಅರ್ಥಧಾರಿ ಬರಿಯ ಮಾತಿನಿಂದಲೇ ಯುದ್ಧವನ್ನೂ ವನವನ್ನೂ ಕಣ್ಣಮುಂದೆ ತರುತ್ತಾನೆ, ಗಂಭೀರ ಪ್ರಸಂಗದ ನಡುವೆಯೂ ಒಂದೇ ಮಾತಿನಿಂದ ಸಭೆಯನ್ನು ನಗಿಸುತ್ತಾನೆ. ಇಂಥ ಮಾತುಗಾರಿಕೆ ಬೆಳೆದ ಭಾಷೆಯಲ್ಲಿ ಜೆರೋಮನ ನಿರೂಪಕನಿಗೆ ದನಿ ಸಿಗದೆ ಹೋಗಲಾರದು.

ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ಕಥೆಗಳನ್ನು ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದಾಗ, ಭಾಷೆ ಹಿಂದಿಯಾಗಿದ್ದರೂ, ಆ ಜಗಲಿ, ಆ ಮಳೆ, ಆ ಮುಖಗಳು ನಮ್ಮವೇ ಎಂದು ಇಲ್ಲಿಯ ಮನೆಮನೆಗಳಲ್ಲಿ ಅನ್ನಿಸಿತ್ತು. ಜೆರೋಮನ ಮೂವರನ್ನು ಚಂದ್ರಗಿರಿ ಹೊಳೆಯಲ್ಲಿ ದೋಣಿ ಹತ್ತಿಸಿದರೂ ಕೃತಿಗೆ ಅನ್ಯಾಯವಾಗದು, ದನಿಯೊಂದು ಉಳಿದರೆ.

ಆದ್ದರಿಂದ ಕನ್ನಡ ವಾಹಿನಿಗಳಲ್ಲಿ ನನ್ನ ವಿನಂತಿ ಇಷ್ಟು: ಇಂಥ ಕೃತಿಯನ್ನು ಕೈಗೆತ್ತಿಕೊಳ್ಳುವುದಾದರೆ, ಇಲ್ಲಿ ನಗಬೇಕೆಂದು ಸೂಚಿಸುವ ಹಿನ್ನೆಲೆಯ ನಗುವನ್ನು ದಯವಿಟ್ಟು ಸೇರಿಸಬೇಡಿ. ನಿರೂಪಕನ ಮಾತುಗಳನ್ನು ಕತ್ತರಿಸದೆ ಉಳಿಸಿಕೊಳ್ಳಿ, ಅವನ್ನು ಓದಲು ನಮ್ಮ ಜಿಲ್ಲೆಯ ಒಬ್ಬ ಅರ್ಥಧಾರಿಯನ್ನು ಕರೆಸಿಕೊಳ್ಳಿ.

ಇತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಶಿಕ್ಷಕ, ಬದಿಯಡ್ಕ, ಕಾಸರಗೋಡು ಜಿಲ್ಲೆ