ಸೋತ ರಷ್ಯಾದ ಸುಧಾರಣೆಗಳು: ಚರ್ಚೆಗೆ ಮುನ್ನ ಒಂದು ಸೂಚನೆ

ಸದಸ್ಯರೆಲ್ಲರ ಗಮನಕ್ಕೆ,

ಕ್ರಿಮಿಯಾ ಯುದ್ಧವು ಯುರೋಪಿನ ರಾಜಕೀಯವನ್ನು ಬದಲಿಸಿದ ಬಗೆಯನ್ನು ಚರ್ಚಿಸುವಾಗ, ಗೆದ್ದವರಿಗಿಂತ ಮೊದಲು ಸೋತ ರಷ್ಯಾವನ್ನು ಗಮನಿಸಬೇಕೆಂದು ಕೋರುತ್ತೇನೆ. 1853ರಿಂದ 1856ರವರೆಗೆ ಬ್ರಿಟನ್, ಫ್ರಾನ್ಸ್, ತುರ್ಕಿ ಮುಂತಾದವುಗಳ ವಿರುದ್ಧ ನಡೆದ ಈ ಯುದ್ಧದಲ್ಲಿ, ದಕ್ಷಿಣಕ್ಕೆ ರೈಲುಮಾರ್ಗವೇ ಇಲ್ಲದೆ ತನ್ನ ನೆಲದಲ್ಲೇ ಸೈನ್ಯಕ್ಕೆ ಮದ್ದುಗುಂಡು ತಲುಪಿಸಲು ಹೆಣಗಿದ ರಷ್ಯಾಕ್ಕೆ, ಜೀತದ ರೈತರನ್ನೇ ನೆಚ್ಚಿದ ವ್ಯವಸ್ಥೆ ಇನ್ನು ಸಾಗದೆಂಬುದು ಮನವರಿಕೆಯಾಯಿತು. ರಷ್ಯಾದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರ್ 1861ರಲ್ಲಿ ಭೂಮಾಲೀಕರ ಅಧೀನದಲ್ಲಿದ್ದ ಎರಡು ಕೋಟಿಗೂ ಹೆಚ್ಚು ಜನರನ್ನು ಜೀತದಿಂದ ಬಿಡಿಸಿದನು. 1864ರಲ್ಲಿ ಜೆಮ್ಸ್ತ್ವೊ ಎಂಬ ಸ್ಥಳೀಯ ಸಭೆಗಳು ಬಂದವು. ಆದರೆ ಬಿಡುಗಡೆಯೊಂದಿಗೆ ಪಡೆದ ಭೂಮಿಗೆ 49 ವರ್ಷ ಕಂತು ಕಟ್ಟಬೇಕೆಂಬ ಷರತ್ತು, ನನ್ನ ಮಟ್ಟಿಗೆ ಘೋರ ಅನ್ಯಾಯವೇ ಸರಿ, ರೈತರ ಹೆಗಲ ಮೇಲೆ ಉಳಿಯಿತು. ಅದು ರದ್ದಾಗಲು ಜಪಾನಿನೆದುರಿನ ಸೋಲೂ 1905ರ ಕ್ರಾಂತಿಯೂ ಬೇಕಾದವು. ಕ್ರಿಮಿಯಾದ ಸೋಲು, ಜಪಾನಿನೆದುರಿನ ಸೋಲು, ಈ ಎರಡನ್ನೂ ಜೊತೆಗಿಟ್ಟು ಓದಿಕೊಂಡು ಚರ್ಚೆಗೆ ಬರಬೇಕಾಗಿ ವಿನಂತಿ.