ದೊಡ್ಡಪ್ಪನ ಮಳೆ ಲೆಕ್ಕ ವಾಪಸ್ ಸಿಕ್ಕಿತು, ಎಲ್ಲರಿಗೂ ಥ್ಯಾಂಕ್ಸ್

ಮೊನ್ನೆ ಭಾನುವಾರ ರಾತ್ರಿ ಹನ್ನೊಂದೂವರೆ ಹೊತ್ತಿಗೆ ದೊಡ್ಡಪ್ಪನ ಹಳೇ ಪಾಮ್ ತ್ರೀಯಿಂದ (ಕಡ್ಡಿಯಲ್ಲಿ ಬರೆಯುವ ಅಂಗೈಯಗಲದ ಪುಟ್ಟ ಕಂಪ್ಯೂಟರ್) ಎಂಟು ವರ್ಷದ ಮಳೆ ಲೆಕ್ಕ ಪೂರ್ತಿ ನನ್ನ ಲ್ಯಾಪ್‌ಟಾಪಿಗೆ ಬಂತು. 1999ರಿಂದ 2006ರವರೆಗೆ, ಒಂದು ದಿನವೂ ಬಿಟ್ಟಿಲ್ಲ. ಐದು ತಿಂಗಳಿಂದ ಇದರ ಹಿಂದೆ ಬಿದ್ದಿದ್ದೆ. ತುಂಬಾ ಜನ ಜೊತೆಗೆ ನಿಂತರು. ಫೋನಲ್ಲಿ ಒಬ್ಬೊಬ್ಬರಿಗೆ ಹೇಳಿದ್ದೇನೆ, ಆದರೂ ಎಲ್ಲರ ಎದುರಿಗೆ ಹೇಳದಿದ್ದರೆ ಸಮಾಧಾನ ಇಲ್ಲ.

ಮೊದಲು ದೊಡ್ಡಮ್ಮನಿಗೆ. ಪಾಮ್ ತ್ರೀ 1998ರಲ್ಲಿ ಬಂದ ಯಂತ್ರ. ನಾವು ಬರೆದಿದ್ದೆಲ್ಲ ಅದರ 2 ಎಂಬಿ ರ‍್ಯಾಮಿನಲ್ಲೇ ಇರುತ್ತದೆ, ಎರಡು ಸಣ್ಣ ಸೆಲ್ಲಿನ ಮೇಲೆ ಬದುಕಿರುತ್ತದೆ. ಸೆಲ್ ಪೂರ್ತಿ ಸತ್ತರೆ ಎಲ್ಲವೂ ಹೋಯಿತು. ಹಳೇ ಸೆಲ್ ತೆಗೆದು ಹೊಸದು ಹಾಕುವುದಕ್ಕೂ ಸುಮಾರು ಒಂದು ನಿಮಿಷ ಮಾತ್ರ ಟೈಮು. 2006ರ ನಂತರ ದೊಡ್ಡಪ್ಪ ಮತ್ತೆ ಪುಸ್ತಕದಲ್ಲೇ ಬರೆಯುವುದಕ್ಕೆ ಶುರು ಮಾಡಿದರು, ಆ ಯಂತ್ರ ಯಾರಿಗೂ ಬೇಕಿರಲಿಲ್ಲ. ದೊಡ್ಡಮ್ಮ ಮಾತ್ರ ಎರಡು ತಿಂಗಳಿಗೊಮ್ಮೆ, ಅಮಾವಾಸ್ಯೆ ನೋಡಿಕೊಂಡು, ಸೆಲ್ ಬದಲಿಸುತ್ತಾ ಬಂದರು. ಯಾಕೆ ಅಂತ ಕೇಳಿದರೆ "ಅವರು ಅಷ್ಟು ಬರೆದಿದ್ದಾರಲ್ಲ" ಅಂದರು, ಅಷ್ಟೇ. ದೊಡ್ಡಮ್ಮ, ನೀವು ಒಂದೇ ಒಂದು ಸಲ ಮರೆತಿದ್ದರೂ ನಾನು ಇವತ್ತು ಇದನ್ನು ಬರೆಯುವ ಹಾಗಿರಲಿಲ್ಲ.

ಈ ಲೆಕ್ಕ ಯಾಕೆ ಬೇಕಿತ್ತು ಅಂದರೆ, 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ಕಡೆ ಏನೇನಾಯಿತು ಅಂತ ನಿಮಗೆಲ್ಲ ಗೊತ್ತಿದೆ ಅಲ್ವಾ. ನಮ್ಮ ಮನೆಯ ಹಿಂದಿನ ಗೋಡೆ ಕುಸಿಯಿತು, ಮಳೆ ರಿಜಿಸ್ಟರ್‌ಗಳಿದ್ದ ಕಪಾಟು ಮಣ್ಣಲ್ಲಿ ಹೋಯಿತು. ಆ ಎಂಟು ವರ್ಷ ಮಾತ್ರ ಪಾಮಿನಲ್ಲಿ ಉಳಿದಿತ್ತು. ಕಾಫಿ ಹೂ ಅರಳಿಸುವ ಹೂ ಮಳೆ ಯಾವ ದಿನ ಬಿತ್ತು, ಅದರ ನಂತರ ಬೇಕಾದ ಎರಡನೇ ಮಳೆ, ಅಂದರೆ ಬ್ಯಾಕಿಂಗ್, ಎಷ್ಟು ದಿನ ಬಿಟ್ಟು ಬಂತು, ಪುಷ್ಯ ಮಳೆ ಎಷ್ಟು ಇಂಚು ಎಷ್ಟು ಸೆಂಟು (ಇಂಚಿನ ನೂರನೇ ಒಂದು ಭಾಗ), ಎಲ್ಲ ಆ ಸಣ್ಣ ಕಡ್ಡಿಯಲ್ಲಿ ಬರೆದಿಟ್ಟಿದ್ದರು. ಕಾಫಿ ಬೆಳೆಯುವವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ಪಾಮನ್ನು ಇಂದಿನ ಕಂಪ್ಯೂಟರಿನ ಜೊತೆ ಮಾತಾಡಿಸುವ ಒಂದು ಮುಕ್ತ ತಂತ್ರಾಂಶ ಇದೆ. ಬಿಡುವಿದ್ದಾಗ ಕೆಲವೇ ಜನ ನೋಡಿಕೊಳ್ಳುತ್ತಾರೆ. ನಮ್ಮ ಯಂತ್ರದಲ್ಲಿ ಅದು ಪ್ರತಿ ಸಲ ಶುರುವಿನಲ್ಲೇ ನಿಂತುಬಿಡುತ್ತಿತ್ತು. ಪಾಮ್ ಮೊದಲು 9600 ವೇಗದಲ್ಲಿ (ಸೆಕೆಂಡಿಗೆ ಅಷ್ಟು ಬಿಟ್) ಕರೆಯುತ್ತದೆ, ಕಂಪ್ಯೂಟರ್ "ಇನ್ನು 57600ರಲ್ಲಿ ಮಾತಾಡೋಣ" ಅಂತ ಉತ್ತರ ಕಳಿಸುತ್ತದೆ, ಆಮೇಲೆ ಇಬ್ಬರೂ ವೇಗ ಬದಲಿಸಬೇಕು. ತಂತ್ರಾಂಶ ಆ ಉತ್ತರ ಪೂರ್ತಿ ತಂತಿಯ ಮೇಲೆ ಹೋಗುವ ಮೊದಲೇ ವೇಗ ಬದಲಿಸುತ್ತಿತ್ತು. 9600ರಲ್ಲಿ ಒಂದು ಬೈಟ್ (ಒಂದು ಅಕ್ಷರದಷ್ಟು ಮಾಹಿತಿ) ಹೋಗೋಕೆ ಸುಮಾರು 1 ಮಿಲಿಸೆಕೆಂಡ್ ಬೇಕು, ಅಷ್ಟೂ ಕಾಯುತ್ತಿರಲಿಲ್ಲ.

ಇದು ನನಗೆ ಹೊಳೆದದ್ದಲ್ಲ. ಹಾಸನದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ನಮ್ಮ ಮೇಡಂ ಒಂದು ಶನಿವಾರ ಲ್ಯಾಬ್ ತೆರೆಸಿ, ಊಟ ಬಿಟ್ಟು, ನನ್ನ ಜೊತೆ, ತಂತಿಯಲ್ಲಿ ಹೋಗುವ ವಿದ್ಯುತ್ ಅಲೆ ತೋರಿಸುವ ಆಸಿಲೋಸ್ಕೋಪಿನ ಮುಂದೆ ಕೂತರು. ಪರದೆಯ ಮೇಲೆ ಅಲೆಗಳು ಅಗಲಗಲವಾಗಿ ಬರುತ್ತಿದ್ದವು. ಕೊನೆಯ ಎರಡು ಬೈಟ್ ಮಾತ್ರ ಸಣ್ಣಗೆ ಒತ್ತಾಗಿ ಕಂಡವು. ಮೇಡಂ ಅಲ್ಲೇ ಬೆರಳಿಟ್ಟು "ಇದು ಆರು ಪಟ್ಟು ಸಣ್ಣದಿದೆ ನೋಡು" ಅಂದರು. 57600ನ್ನು 9600ರಿಂದ ಭಾಗಿಸಿದರೆ ಆರು. ಸಂದೇಶ ಸರಿಯಿದೆಯಾ ಅಂತ ತಾಳೆ ನೋಡುವುದೇ ಆ ಕೊನೆಯ ಎರಡು ಬೈಟ್, ಅವೇ ಕೆಟ್ಟರೆ ಪಾಮ್ ಹೇಗೆ ನಂಬೀತು? ಮೇಡಂ, ಆ ಕ್ಷಣ ನಾನು ಮರೆಯಲ್ಲ.

ಅದನ್ನು ಸರಿ ಮಾಡಿದ ಮೇಲೆ ಇನ್ನೊಂದು ಎದುರಾಯಿತು. ಸ್ವಲ್ಪ ದೂರ ಚೆನ್ನಾಗಿ ಹೋಗಿ ಮತ್ತೆ ನಿಲ್ಲುತ್ತಿತ್ತು, ಯಾವಾಗಲೂ ಒಂದೇ ಜಾಗದಲ್ಲಿ. ಎರಡು ವಾರ ಸುಮ್ನೆ ಕೇಬಲ್ ಬದಲಿಸುತ್ತಾ ಕಳೆದೆ. ಈ ತಂತ್ರಾಂಶ ನೋಡಿಕೊಳ್ಳುವ ಹಿರಿಯರೊಬ್ಬರು ಜರ್ಮನಿಯಲ್ಲಿದ್ದಾರೆ, ಮುಖ ನೋಡಿಲ್ಲ. ಅವರು "ಬಂದ ಬೈಟ್‌ಗಳನ್ನೆಲ್ಲ ಹಾಗೇ ಬರೆದು ಕಳಿಸು" ಅಂದರು. ಬರೆದೆ. ಮಾಹಿತಿ ಸಣ್ಣ ಸಣ್ಣ ಕಟ್ಟುಗಳಾಗಿ, ಅಂದರೆ ಪ್ಯಾಕೆಟ್ಟುಗಳಾಗಿ ಬರುತ್ತದೆ. ಪ್ರತಿ ಪ್ಯಾಕೆಟ್ಟೂ 190, 239, 237 ಅಂತ ಶುರುವಾಗುತ್ತದೆ, ಒಂಬತ್ತನೆಯ ಬೈಟ್ ಪ್ಯಾಕೆಟ್ಟಿನ ಸಂಖ್ಯೆ. 16ರವರೆಗೆ ಸರಿಯಿತ್ತು. ಮುಂದಿನದರಲ್ಲಿ 17 ಇರಬೇಕಾದ ಜಾಗದಲ್ಲಿ 17 ಇಲ್ಲವೇ ಇಲ್ಲ, ಅದರ ಮುಂದಿನ ಬೈಟ್ ಬಂದು ಕೂತಿತ್ತು. ಟೆಲಿಟೈಪ್ (ತಂತಿಯಲ್ಲಿ ಟೈಪ್ ಮಾಡಿ ಕಳಿಸುವ ಹಳೇ ಯಂತ್ರ) ಕಾಲದಿಂದ 19 ಅಂದರೆ "ನಿಲ್ಲಿಸು", 17 ಅಂದರೆ "ಮುಂದುವರಿಸು". ಈ ಹಳೇ ಅಪ್ಪಣೆಗಳನ್ನು ಪಾಲಿಸುವ ಸೆಟ್ಟಿಂಗ್ ಆನ್ ಇದ್ದರೆ ಕಂಪ್ಯೂಟರ್ ಇವೆರಡನ್ನೂ ತನಗೆ ಬಂದ ಅಪ್ಪಣೆ ಅಂದುಕೊಂಡು ನುಂಗುತ್ತದೆ. ವೇಗ ಬದಲಿಸುವಾಗ ಪೋರ್ಟಿನ ಹಳೇ ಸೆಟ್ಟಿಂಗ್‌ಗಳೂ ವಾಪಸ್ ಬರುತ್ತಿದ್ದವು, ಅದರ ಜೊತೆ ಇದೂ. ಒಂದೇ ಸಾಲು ತಿದ್ದಿದೆ. ಆ ಹಿರಿಯರು ನನ್ನ ತಿದ್ದುಪಡಿಯನ್ನು ಮೂರು ಸಲ ಓದಿ, ಎರಡು ಸಲ ವಾಪಸ್ ಕಳಿಸಿ, ತಮ್ಮ ಹತ್ತಿರ ಇರುವ ಬೇರೆ ಪಾಮ್‌ಗಳಲ್ಲೂ ನಡೆಸಿ ನೋಡಿ, ಕಳೆದ ವಾರ ಸೇರಿಸಿಕೊಂಡರು. ಅಷ್ಟು ತಾಳ್ಮೆಯಿಂದ ನನಗೆ ಯಾರೂ ಕಲಿಸಿರಲಿಲ್ಲ.

ಚಿಕ್ಕಮಗಳೂರು ಎಂ.ಜಿ. ರೋಡಿನ ಹತ್ತಿರ ರೇಡಿಯೋ ರಿಪೇರಿ ಮಾಡುವ ಅಣ್ಣ, ಪಾಮನ್ನು ಕೂರಿಸಿ ಕಂಪ್ಯೂಟರಿಗೆ ಜೋಡಿಸುವ ತೊಟ್ಟಿಲಿನ ತುಕ್ಕು ಹಿಡಿದ ಪಿನ್‌ಗಳನ್ನು ಒಂದೊಂದಾಗಿ ಉಜ್ಜಿ ಬೆಸುಗೆ ಹಾಕಿಕೊಟ್ಟಿರಿ, ದುಡ್ಡು ಮಾತ್ರ ಮುಟ್ಟಲಿಲ್ಲ. ಕರೆಂಟ್ ಹೋದಾಗಲೆಲ್ಲ ಯುಪಿಎಸ್ ಕೊಟ್ಟ ಪಕ್ಕದ ಮನೆಯವರಿಗೂ ಥ್ಯಾಂಕ್ಸ್.

ಹಾಸನ, ಚಿಕ್ಕಮಗಳೂರು ಕಡೆ ಯಾರ ಮನೆಯಲ್ಲಾದರೂ ಇಂಥ ಹಳೇ ಪಾಮ್ ಇದ್ದರೆ ದಯವಿಟ್ಟು ಸೆಲ್ ತೆಗೆಯಬೇಡಿ, ನನಗೆ ಹೇಳಿ, ಬಂದು ಅದರಲ್ಲಿ ಬರೆದಿಟ್ಟಿದ್ದನ್ನು ತೆಗೆದುಕೊಡುತ್ತೇನೆ.

ಸೋಮವಾರ ದೊಡ್ಡಪ್ಪನಿಗೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದುಕೊಟ್ಟೆ. ಕನ್ನಡಕ ಹಾಕಿಕೊಂಡು ಒಂದು ಗಂಟೆ ಓದಿದರು. ಒಂದು ಕಡೆ ಪೆನ್ನಲ್ಲಿ ತಿದ್ದಿ, "ಇದು 1 ಅಲ್ಲ, 7. ಅವತ್ತು ಹಳ್ಳ ದಾಟೋಕೆ ಆಗಿರಲಿಲ್ಲ" ಅಂದರು. ದೊಡ್ಡಮ್ಮ ಪಕ್ಕದಲ್ಲೇ ನಿಂತಿದ್ದರು. "ಹಂಗಾದ್ರೆ ಇನ್ನು ಸೆಲ್ ಹಾಕೋದು ಬೇಡ್ವಾ?" ಅಂತ ಕೇಳಿದರು. ಹಾಕಿ ದೊಡ್ಡಮ್ಮ ಅಂದೆ. ಬರುವ ಅಮಾವಾಸ್ಯೆಗೆ ಸೆಲ್ ನಾನೇ ತರುತ್ತೇನೆ.